ಸುತ್ತಿಡದ ವೈರು

ನನ್ನ ಬಾಯಿ ಜೋರು ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಹಿಟ್ಟಿನ ಗಿರಣಿ ನಡೆಸುವವಳ ಬಾಯಿ ಜೋರಿಲ್ಲದೆ ಇನ್ನೇನಿರುತ್ತದೆ? ಡೀಸೆಲ್ ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಹೀಗಾಗಿದೆ. ಇನ್ನು ಸಿಟ್ಟು, ಅದು ನಾನು ತವರಿನಿಂದಲೇ ತಂದದ್ದು. ನನ್ನ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ಮುಂದೆ ಓದಿಸಲಿಲ್ಲ ಅಂತ ಅಪ್ಪನ ಜೊತೆ ಮಾತು ಬಿಟ್ಟು, ಆ ಸಿಟ್ಟು ಇಳಿಯುವ ಮೊದಲೇ ಮದುವೆಯಾಗಿ ಈ ಊರಿಗೆ ಬಂದೆ. ಬಂದ ವಾರದಲ್ಲೇ ಊರಿನ ಜೊತೆ ಜಗಳಕ್ಕೆ ಬಿದ್ದೆ.

ನಮ್ಮೂರಿಗಿರುವುದು ಒಂದೇ ದೊಡ್ಡ ಬೀದಿ. ಮೂಡಲಿಗೊಂದು ಸಾಲು ಮನೆ, ಪಡುವಲಿಗೊಂದು ಸಾಲು. ನಡುವೆ ಎರಡು ಗಾಡಿ ಎದುರುಬದುರಾಗಿ ಹೋಗುವಷ್ಟು ಜಾಗ. ಈ ಬೀದಿಗೆ ಅಡ್ಡವಾಗಿ ಕಟ್ಟಿದ್ದು ಯಾವುದೂ ಬೆಳಗಿನ ತನಕ ನಿಲ್ಲುವುದಿಲ್ಲ. ಹಗ್ಗವಾಗಲಿ, ವೈರಾಗಲಿ, ಮಾವಿನೆಲೆಯ ತೋರಣವಾಗಲಿ, ಸಂಜೆ ಕಟ್ಟಿದ್ದು ಬೆಳಿಗ್ಗೆ ಸುರುಳಿ ಸುತ್ತಿಕೊಂಡು, ಗಂಟು ಹಾಕಿದವರ ಹೊಸ್ತಿಲ ಮುಂದೆ ಕೂತಿರುತ್ತದೆ. ಎಂಥ ಸುರುಳಿ ಅಂದರೆ, ಅದರ ತುದಿ ಎಲ್ಲಿದೆ ಅಂತ ಹುಡುಕುವುದರೊಳಗೆ ಊಟದ ಹೊತ್ತಾಗುತ್ತದೆ. ನಾನು ಬಂದ ಹೊಸದರಲ್ಲಿ ಒದ್ದೆ ಸೀರೆ ಒಣಹಾಕಲು ಎದುರು ಮನೆಯ ಕಂಬಕ್ಕೆ ಹಗ್ಗ ಕಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹಗ್ಗ ನನ್ನ ಹೊಸ್ತಿಲಲ್ಲಿ, ಸೀರೆ ಅದರ ಮೇಲೆ ಮಡಿಸಿಟ್ಟಂತೆ. ಯಾರು ಮಾಡಿದ್ದು ಅಂತ ಬೀದಿಯಲ್ಲಿ ನಿಂತು ಬೈದೆ. ಹೊಸ ಸೊಸೆ, ಕಲಿತುಕೊಳ್ಳುತ್ತಾಳೆ ಅಂತ ಅತ್ತೆ ಅಂದರು.

ಕಲಿತುಕೊಂಡೆ. ಹೆದ್ದಾರಿ ಇರುವುದು ಮೂಡಲ ಸಾಲಿನ ಹಿಂದೆ, ಹಾಗಾಗಿ ಕರೆಂಟು, ಇಂಟರ್‌ನೆಟ್ಟಿನ ಲೈನು ಎಲ್ಲ ಅವರಿಗೆ ಹಿತ್ತಲಿನಿಂದಲೇ ಬಂತು. ನಮ್ಮ ಪಡುವಲ ಸಾಲಿನ ಹಿಂದೆ ಬರೀ ಬಂಡೆಗುಡ್ಡ. ಕರೆಂಟಿನವರು ಒಮ್ಮೆ ಬೀದಿ ದಾಟಿಸಿ ನಮಗೆ ತಂತಿ ಎಳೆದರು, ಮರುದಿನ ಅಷ್ಟೂ ತಂತಿ ಅವರ ಲಾರಿಯ ಮುಂದೆ ಸುರುಳಿಯಾಗಿ ಕೂತಿತ್ತು, ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಾವು ಮಾಳಿಗೆ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಪ್ಲೇಟು ಹಾಕಿಕೊಂಡೆವು, ನಾನು ಡೀಸೆಲ್ ಇಂಜಿನ್ನು ಇಟ್ಟುಕೊಂಡೆ. ಚುನಾವಣೆ ಬಂದರೆ ಪಕ್ಷದವರು ಬಾವುಟಗಳನ್ನು ಸಾಲಿನುದ್ದಕ್ಕೆ ಕಟ್ಟುತ್ತಾರೆ. ಹಗ್ಗಜಗ್ಗಾಟದ ಪಂದ್ಯವೂ ಬೀದಿಯ ಉದ್ದಕ್ಕೇ.

ಇಷ್ಟೇ ಆಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಊರಿನವರು ಮನೆಯೊಳಗಿನ ಹಗ್ಗ, ವೈರು ಎಲ್ಲವನ್ನೂ ತಾವೇ ಬಿಚ್ಚಿ, ಸುತ್ತಿ, ಹೊಸ್ತಿಲ ಪಕ್ಕ ಇಡುತ್ತಾರೆ. ರೇಡಿಯೋದ ವೈರು, ಇಸ್ತ್ರಿ ಪೆಟ್ಟಿಗೆಯದು, ಫೋನಿಗೆ ಚಾರ್ಜು ಹಾಕುವುದು, ಎಲ್ಲ. ಬೀದಿಯದನ್ನು ಸುತ್ತುವ ‘ಅದು’, ಅದಕ್ಕೆ ಯಾರೂ ಹೆಸರಿಟ್ಟಿಲ್ಲ, ಬಂದು ಸುತ್ತುವ ಮೊದಲು ನಾವೇ ಸುತ್ತಿಟ್ಟರೆ ಒಳಗೆ ಬರುವುದಿಲ್ಲ ಅನ್ನುವ ಲೆಕ್ಕ. ತೊಟ್ಟಿಲನ್ನೂ ಬಿಡುವುದಿಲ್ಲ. ಹಗಲೆಲ್ಲ ತೊಲೆಗೆ ನೇತುಹಾಕಿ ತೂಗಿದ ತೊಟ್ಟಿಲನ್ನು ದೀಪದ ಹೊತ್ತಿಗೆ ಇಳಿಸಿ, ಹಗ್ಗ ಸುತ್ತಿಟ್ಟು, ಕೂಸನ್ನು ಚಾಪೆಯ ಮೇಲೆ ಮಲಗಿಸಬೇಕು. ನನ್ನ ಮಗಳು ವನಜಾ ಕೂಸಾಗಿದ್ದಾಗ ತೊಟ್ಟಿಲಿನಿಂದ ಇಳಿಸಿದ ಕೂಡಲೇ ಕಿರುಚುತ್ತಿದ್ದಳು. ಅವಳನ್ನು ಎತ್ತಿಕೊಂಡು ಓಡಾಡಿ ನನ್ನ ಸೊಂಟ ಬಿದ್ದುಹೋಗಿತ್ತು. ಅತ್ತೆ ಇದ್ದರು, ಎದುರಾಡಲು ಆಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಆ ವನಜಾ ದೊಡ್ಡವಳಾಗಿ ಮೂಡಲ ಸಾಲಿನ ಓಬಳೇಶನನ್ನು ಮದುವೆಯಾದಳು. ಎದುರಿಗೇ ಇರುವ ಮನೆ, ನಮ್ಮ ಗಿರಣಿಯ ಕಿಟಕಿಯಲ್ಲಿ ನಿಂತರೆ ಅವರ ಜಗಲಿ ಕಾಣುತ್ತದೆ. ಆದರೂ ಊರಲ್ಲಿ ಅದಕ್ಕೆ ಮುಂಚೆ ಯಾರೂ ಬೀದಿ ದಾಟಿ ಹೆಣ್ಣು ಕೊಟ್ಟಿರಲಿಲ್ಲ, ತಂದಿರಲಿಲ್ಲ. ಬೀದಿಗೆ ಅಡ್ಡ ಬಿದ್ದದ್ದು ನಿಲ್ಲುವುದಿಲ್ಲ ಅಂತ ಎರಡೂ ಸಾಲಿನವರು ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಓಬಳೇಶನ ತಾಯಿ ಗಿರಿಯಮ್ಮ. ಮಗ ಹಟ ಹಿಡಿದಿದ್ದಕ್ಕೆ ಒಪ್ಪಿದಳೇ ಹೊರತು, ನನ್ನ ಮಗಳು ಯಾವತ್ತು ಸುರುಳಿ ಸುತ್ತಿಕೊಂಡು ನಮ್ಮ ಹೊಸ್ತಿಲಿಗೆ ವಾಪಸು ಬರುತ್ತಾಳೋ ಅಂತ ಕಾಯುತ್ತಲೇ ಇದ್ದಳು. ಬೀಗರು ಅಂದಮೇಲೆ ಬಹುವಚನದಲ್ಲೇ ಮಾತಾಡಬೇಕು. ನಾವಿಬ್ಬರೂ ಹಾಗೇ ಮಾತಾಡುತ್ತಿದ್ದೆವು, ಹಲ್ಲು ಕಚ್ಚಿಕೊಂಡು.

ವನಜಾಗೆ ಅವಳದೇ ಒಂದು ಕೆಲಸವಿತ್ತು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರುಗಳು ಸಂಜೆ ರೋಗಿಗಳನ್ನು ನೋಡುತ್ತ ಹೇಳಿದ್ದನ್ನೆಲ್ಲ ಇವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿ ಟೈಪು ಮಾಡಬೇಕು. ಅದಕ್ಕಾಗಿ ಆಸ್ಪತ್ರೆಯವರೇ ಒಂದು ಕಂಪ್ಯೂಟರು ಕೊಟ್ಟಿದ್ದರು. ಹಳೇ ಕಾಲದ, ಕಲ್ಲಿನಂಥ ತೂಕದ ಕಂಪ್ಯೂಟರು. ಗಾಳಿಯಲ್ಲಿ ಬರುವ ಇಂಟರ್‌ನೆಟ್ಟನ್ನು ಹಿಡಿಯುವ ಭಾಗವೇ ಅದಕ್ಕಿಲ್ಲ. ಹಿಂದೆ ಒಂದು ತೂತು ಇದೆ, ಅದಕ್ಕೆ ವೈರು ಚುಚ್ಚಬೇಕು. ವೈರು ಬಿಟ್ಟು ಬೇರೆ ಏನನ್ನೂ ಅದಕ್ಕೆ ಸಿಕ್ಕಿಸಬಾರದು ಅಂತ ಆಸ್ಪತ್ರೆಯವರ ಷರತ್ತು. ಮೂಡಲ ಸಾಲಿನಲ್ಲಿದ್ದಾಗ ತೊಂದರೆ ಇರಲಿಲ್ಲ. ಸಂಜೆ ದೀಪದ ಹೊತ್ತಿಗೆ ವೈರು ಸುತ್ತುವ ವಿಷಯಕ್ಕೆ ಅತ್ತೆ ಸೊಸೆಗೆ ಹೇಗೋ ಒಂದು ರಾಜಿಯಾಗಿತ್ತು: ವನಜಾ ಕೂತು ಕೆಲಸ ಮಾಡುವಷ್ಟು ಹೊತ್ತು ವೈರು ಅವಳ ಜವಾಬ್ದಾರಿ, ಎದ್ದ ಕೂಡಲೇ ಅವಳೇ ಸುತ್ತಬೇಕು.

ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣುಕೂಸು. ತವರಿಗೆ ಬಂದ ಬಾಣಂತಿ ಮೂರು ತಿಂಗಳು ತುಂಬುವ ತನಕ ಗಂಡನ ಮನೆಯ ಮೆಟ್ಟಿಲು ಹತ್ತುವಂತಿಲ್ಲ, ಅದು ಎಲ್ಲ ಊರಲ್ಲೂ ಇದ್ದದ್ದೇ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೇಳಿಕಳಿಸಿದರು. ರಜ ಮುಗಿಯಿತು, ಬರುವ ಸೋಮವಾರ ಸಂಜೆ ಕೆಲಸಕ್ಕೆ ಕೂರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂತ. ವನಜಾ ಅಳಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆ ನೋಡುತ್ತ ಕೂತಳು. ಅದನ್ನು ನನ್ನ ಕೈಲಿ ನೋಡಲಾಗಲಿಲ್ಲ. ನಾನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಕೂತ ಹಾಗೆಯೇ ಕೂತಿದ್ದಳು.

ಓಬಳೇಶ ನಮ್ಮ ಗಿರಣಿಯ ತಳ್ಳುಗಾಡಿಯಲ್ಲಿ ಕಂಪ್ಯೂಟರನ್ನು ಈ ಕಡೆ ತಂದಿಟ್ಟ. ನಾನು ಉದ್ದನೆಯ ವೈರು ತರಿಸಿ, ಅವನು ಬೇಡ ಅಂದರೂ ಕೇಳದೆ, ಅವರ ಕಂಬಕ್ಕೂ ನಮ್ಮ ಕಿಟಕಿಗೂ ಎರಡು ಕಡೆಯೂ ನಾನೇ ಬಿಗಿದು ಕಟ್ಟಿದೆ. ಇಷ್ಟು ವರ್ಷವಾಯಿತು, ಅದಕ್ಕೂ ವಯಸ್ಸಾಗಿರಬಹುದು ಅಂದುಕೊಂಡೆ. ಬೆಳಿಗ್ಗೆ ಬಾಗಿಲು ತೆಗೆದರೆ ವೈರು ಹೊಸ್ತಿಲಲ್ಲಿತ್ತು, ಚಕ್ಕುಲಿಯ ಹಾಗೆ. ಗಿರಿಯಮ್ಮ ಜಗಲಿಯಲ್ಲಿ ನೀರು ಚಿಮುಕಿಸುತ್ತಿದ್ದವಳು ತಲೆಯೆತ್ತಿ, “ಏನು ಬೀಗಿತ್ತಮ್ಮ, ನಿಮ್ಮ ವೈರು ಸುಖವಾಗಿ ಮನೆ ಸೇರ್ತಾ?” ಅಂದಳು. ನಾನು ಆ ಸುರುಳಿಯನ್ನು ಒದ್ದೆ. ಅದು ಉರುಳಿಕೊಂಡು ಹೋಗಿ ಗಿರಣಿಯ ಬಾಗಿಲಿಗೆ ಬಡಿದು ನಿಂತಿತು, ಒಂದು ಎಳೆಯೂ ಬಿಚ್ಚಲಿಲ್ಲ.

ಡಬ್ಬಿಯ ಉಪಾಯ ಓಬಳೇಶನದು. ಅವರ ಮನೆಯಲ್ಲಿ ಇಂಟರ್‌ನೆಟ್ಟಿನವರು ಹೊಸ ವೈಫೈ ಡಬ್ಬಿ ಹಾಕಿದ ಮೇಲೆ ಹಳೆಯದು ಅಟ್ಟ ಸೇರಿತ್ತು. ಆ ಡಬ್ಬಿಯನ್ನು ತಿರುಗುಮುರುಗು ಮಾಡಬಹುದು ಅಂದ. ವೈರಿನಿಂದ ತೆಗೆದುಕೊಂಡು ಗಾಳಿಗೆ ಕೊಡುವುದು ಅದರ ಮಾಮೂಲಿ ಕೆಲಸ. ಗಾಳಿಯಿಂದ ತೆಗೆದುಕೊಂಡು ವೈರಿಗೆ ಕೊಡು ಅಂತ ಹೇಳಿದರೆ ಹಾಗೂ ಮಾಡುತ್ತದಂತೆ. ಅವರ ಮನೆಯ ಹೊಸ ಡಬ್ಬಿ ಆ ಕಡೆ, ಹಳೆಯದು ನಮ್ಮ ಕಡೆ, ನಡುವೆ ಬೀದಿಯಲ್ಲಿ ಏನೂ ಇಲ್ಲ. ನಮ್ಮ ಡಬ್ಬಿಯಿಂದ ಕಂಪ್ಯೂಟರಿನ ತೂತಿಗೆ ಮೊಳದುದ್ದದ ವೈರು ಸಾಕು. ನಾನು ಕೇಳಿದೆ, ಸುತ್ತುವುದಕ್ಕೆ ಬೀದಿಯಲ್ಲಿ ಏನೂ ಇರುವುದಿಲ್ಲವಲ್ಲ ಹಾಗಾದರೆ? ಇರುವುದಿಲ್ಲ ಅತ್ತೆ ಅಂದ. ಇದನ್ನು ಮೊದಲೇ ಯಾಕೆ ಬೊಗಳಲಿಲ್ಲ ಅಂತ ಬೈದೆ. ವೈರು ಕಟ್ಟುವಾಗ ನೀನು ಮಾತಾಡಲು ಬಿಟ್ಟರೆ ತಾನೇ ಅಂತ ವನಜಾ ಒಳಗಿನಿಂದ ಅಂದಳು.

ಆದರೆ ಅವರ ಮನೆಯ ಲೈನು ಬಳಸಲು ಗಿರಿಯಮ್ಮನನ್ನು ಕೇಳಬೇಕು. ಓಬಳೇಶ ಕೇಳಿದ್ದಕ್ಕೆ, ನಮ್ಮ ಮನೆಯದು ಬೀದಿ ದಾಟಿ ಹೋಗುವುದು ಬೇಡ, ಮಗು ಹೆತ್ತವಳಿಗೆ ಈಗ ಕೆಲಸ ಯಾಕೆ, ಬಿಡಲಿ ಅಂದಳಂತೆ. ಅವನು ತಲೆ ತಗ್ಗಿಸಿಕೊಂಡು ಬಂದು ಹೇಳಿದ. ನಾನು ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವದೆ, ನೇರ ಅವಳ ಜಗಲಿಗೆ ಹೋದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ಕೂರಿ ಅನ್ನಲಿಲ್ಲ. ನಾನೂ ಕೂರಲಿಲ್ಲ. ಬೀದಿ ದಾಟಿ ನಿಮ್ಮ ಮಗ ದಿನಾ ನಮ್ಮ ಮನೆಗೆ ಊಟಕ್ಕೆ ಬರುತ್ತಾನಲ್ಲ, ಅವನನ್ನು ಯಾರೂ ಸುತ್ತಿಡಲಿಲ್ಲವಲ್ಲ ಅಂದೆ. ಅವಳು ಕಾಳು ಬಿಡಿಸುತ್ತಲೇ, “ಎಷ್ಟು ದಿನ ಬರ್ತಾನೋ ನೋಡಾಣ” ಅಂದಳು. ಆ ಮಾತಿಗೆ ನನ್ನ ತಲೆ ಕೆಟ್ಟಿತು. “ಸೋಮವಾರ ದೀಪದ ಹೊತ್ತಿಗೆ ನನ್ನ ಮಗಳು ಕೆಲಸಕ್ಕೆ ಕೂರ್ತಾಳೆ. ಕೊನೇ ತನಕ ಲೈನು ನಿಂತ್ರೆ ಇನ್ಮೇಲೆ ನಿಮ್ಮ ಬಾಯಲ್ಲಿ ಈ ಮಾತು ಬರಬಾರ್ದು. ನಿಲ್ಲದಿದ್ರೆ ಅವಳು ಕೆಲಸ ಬಿಡ್ತಾಳೆ, ನಾನೇ ಬಿಡಿಸ್ತೀನಿ” ಅಂದೆ. ಗಿರಿಯಮ್ಮ ಕಾಳಿನ ಮೊರ ಪಕ್ಕಕ್ಕಿಟ್ಟಳು. “ಸರಿ, ಲೈನು ತಗಳ್ಳಿ. ನನ್ನ ಹೊಸ್ತಿಲ ಮುಂದೆ ನಿಂತು ಹೇಳಿದ್ದೀರಿ. ಮರೀಬ್ಯಾಡಿ” ಅಂದಳು.

ಮನೆಗೆ ಬಂದು ಗೆದ್ದವಳ ಹಾಗೆ ಹೇಳಿದೆ. ವನಜಾ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಎದ್ದು ನಿಂತಳು. “ಕೆಲಸ ನಂದು. ಅದನ್ನ ಬಿಡಿಸ್ತೀನಿ ಅನ್ನಾಕೆ ನೀನ್ಯಾರವ್ವ? ನಿನ್ನ ಅಪ್ಪ ನಿನ್ನ ಶಾಲೆ ಬಿಡಿಸಿದ್ದನ್ನ ಇವತ್ತಿಗೂ ಬೈತೀಯಲ್ಲ, ಈಗ ನೀನು ಮಾಡಿದ್ದೇನು?” ಅಂದಳು. ನನ್ನ ಗಂಡ ಕರಿಬಸಪ್ಪ ಬಾಗಿಲಲ್ಲಿ ನಿಂತು ನಗು ನುಂಗಿಕೊಳ್ಳುತ್ತಿದ್ದ, ಅವನ ಮೇಲೆ ಹರಿಹಾಯ್ದೆ. ಆಡಿದ್ದಾಯಿತು, ಇನ್ನು ಲೈನನ್ನು ನಿಲ್ಲಿಸುವುದೊಂದೇ ದಾರಿ.

ಶನಿವಾರ ಮಧ್ಯಾಹ್ನ ಓಬಳೇಶ, ವನಜಾ ಇಬ್ಬರೂ ಡಬ್ಬಿ ಹಿಡಿದು ಕೂತರು. ಕೂಸು ತೊಟ್ಟಿಲಲ್ಲಿತ್ತು, ಅದನ್ನು ತೂಗುತ್ತ ನಾನು ನೋಡುತ್ತಿದ್ದೆ. ಮೊದಲು ಡಬ್ಬಿಗೂ ಕಂಪ್ಯೂಟರಿಗೂ ಹಳದಿ ವೈರು ಚುಚ್ಚಿದರು. ಡಬ್ಬಿಯ ಬೆನ್ನಿನ ಮೇಲೆ ಬರೆದಿದ್ದ ನಂಬರನ್ನು ಹೊಡೆದರೆ ಅದರದೇ ಒಂದು ಪುಟ ತೆರೆಯಿತು. ಅಲ್ಲಿ ಡಬ್ಬಿ ಏನು ಕೆಲಸ ಮಾಡಬೇಕು ಅಂತ ಆರಿಸುವ ಜಾಗವಿತ್ತು. ಅವರು ಕ್ಲೈಂಟ್ ಅನ್ನುವುದನ್ನು ಆರಿಸಿದರು. ಹಾಗಂದರೇನು ಅಂದೆ. “ಈಗ ಡಬ್ಬಿ ಕೊಡೋ ಕಡೆ ಅಲ್ಲ ಅತ್ತೆ, ಈಸ್ಕಳೋ ಕಡೆ” ಅಂದ ಓಬಳೇಶ. ನನ್ನ ಗಿರಣಿಗೆ ಹೋಲಿಸಿ ಅರ್ಥ ಮಾಡಿಕೊಂಡೆ. ಇಂಜಿನ್ನು ಅವರ ಮನೆಯಲ್ಲಿ, ಬೀಸುವ ಕಲ್ಲು ನಮ್ಮ ಮನೆಯಲ್ಲಿ, ಬೆಲ್ಟು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಪುಟದಲ್ಲಿ ಸುತ್ತಮುತ್ತಲ ಡಬ್ಬಿಗಳ ಹೆಸರು ಬಂದವು. ಮೂಡಲ ಸಾಲಿನವರ ಹೆಸರೆಲ್ಲ ಅಲ್ಲಿತ್ತು. ಎಲ್ಲಕ್ಕಿಂತ ಮೇಲೆ ‘ಗಿರಿಯಮ್ಮ ನಿಲಯ’. ಅದನ್ನು ಒತ್ತಿದರೆ ಪಾಸ್‌ವರ್ಡ್ ಕೇಳಿತು. ಓಬಳೇಶ ಒಂದು ಕೈ ಅಡ್ಡ ಹಿಡಿದು ಇನ್ನೊಂದು ಕೈಯಲ್ಲಿ ಹೊಡೆದ. ಯಾಕಪ್ಪ ಕೈ ಅಡ್ಡ ಅಂದರೆ, ಅವ್ವ ಯಾರಿಗೂ ತೋರಿಸಬೇಡ ಅಂದಿದ್ದಾಳೆ ಅಂದ. ನನಗೂ ನಗು ಬಂತು. ಆದರೆ ಡಬ್ಬಿ ಹಿಡಿಯಲಿಲ್ಲ. ದೀಪ ಮಿಣುಕುತ್ತದೆ, ಕಂಪ್ಯೂಟರಿನಲ್ಲಿ ಏನೂ ಬರುವುದಿಲ್ಲ. ತುಂಬ ಹೊತ್ತು ತಿಣುಕಾಡಿದ ಮೇಲೆ ವನಜಾಗೆ ಹೊಳೆಯಿತು. ಎರಡೂ ಡಬ್ಬಿ ಒಂದೇ ಕಂಪನಿಯವು, ಎರಡಕ್ಕೂ ಒಂದೇ ನಂಬರು. ಒಂದೇ ಊರಲ್ಲಿ ಇಬ್ಬರಿಗೆ ಒಂದೇ ಮನೆ ನಂಬರು ಕೊಟ್ಟರೆ ಅಂಚೆಯವನು ಏನು ಮಾಡಬೇಕು? ನಮ್ಮ ಡಬ್ಬಿಯ ನಂಬರಿನ ಕೊನೆಯ ಅಂಕಿ ಬದಲಿಸಿ, ಸೇವ್ ಒತ್ತಿ, ಡಬ್ಬಿಯನ್ನು ಒಮ್ಮೆ ಬಂದ್ ಮಾಡಿ ಮತ್ತೆ ಹಾಕಿದರು. ಆಮೇಲೂ ಲೈನು ಬಂದು ಬಂದು ಹೋಗುತ್ತಿತ್ತು. ಗಿರಣಿಯ ತಗಡು ಅಡ್ಡ ಬರುತ್ತಿದೆ ಅಂತ ನಾನೇ ಹೇಳಿ, ಡಬ್ಬಿಯನ್ನು ಬೀದಿಯ ಕಡೆಯ ಕಿಟಕಿಯಲ್ಲಿ, ಗಿರಿಯಮ್ಮನ ಜಗಲಿಗೆ ಮುಖ ಮಾಡಿ ಇಡಿಸಿದೆ. ಹಸಿರು ದೀಪ ಗಟ್ಟಿಯಾಗಿ ನಿಂತಿತು. ವನಜಾ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ನನ್ನ ಕಿವಿಗಿಟ್ಟಳು. ಹಿಂದಿನ ಸಂಜೆಯ ರೆಕಾರ್ಡಿನಲ್ಲಿ ಯಾರೋ ಡಾಕ್ಟರು ಯಾರದೋ ಮೊಣಕಾಲಿನ ವಿಷಯ ಹೇಳುತ್ತಿದ್ದ. ಅಷ್ಟು ದೂರದ ಮೊಣಕಾಲು ನಮ್ಮ ಮನೆಗೆ ಬಂತಲ್ಲ ಅಂತ ನನಗೆ ಎಷ್ಟು ಖುಷಿಯಾಯಿತೆಂದರೆ, ಮಗಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ ಅನ್ನುವುದೂ ಮರೆತುಹೋಯಿತು.

ಭಾನುವಾರ ಸಂಜೆ ಪರೀಕ್ಷೆ ಮಾಡಿ ನೋಡೋಣ ಅಂತ ವನಜಾ ಕೂತಳು. ದೀಪ ಹಚ್ಚಿ ಬಂದು ನೋಡಿದರೆ ಲೈನು ಸತ್ತಿತ್ತು. ಹಳದಿ ವೈರು ಕಂಪ್ಯೂಟರಿನ ಹಿಂದೆ ಇರಲಿಲ್ಲ. ಹೊಸ್ತಿಲ ಪಕ್ಕ ಸುರುಳಿ ಸುತ್ತಿ ಕೂತಿತ್ತು. ಅದು ಮನೆಯೊಳಗೇ ಬಂತಲ್ಲ ಅಂದುಕೊಂಡೆ. ಸುರುಳಿಯನ್ನು ಎತ್ತಿ ನೋಡಿದೆ. ತುದಿ ಸಲೀಸಾಗಿ ಕೈಗೆ ಸಿಕ್ಕಿತು, ಮತ್ತೆ ಸುತ್ತು ಎಡಗಡೆಗಿತ್ತು. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ. ಕರಿಬಸಪ್ಪ ಆಗಲೇ ರೇಡಿಯೋದ ವೈರು ಸುತ್ತುತ್ತ ನಿಂತಿದ್ದ. ಹಳದಿ ವೈರನ್ನು ಮಗಳ ಬೆನ್ನ ಹಿಂದಿನಿಂದ ಯಾವಾಗ ಕಿತ್ತನೋ ಅವನಿಗೇ ನೆನಪಿರಲಿಲ್ಲ. ಕೈ ತಾನಾಗಿ ಹೋಯಿತು ಕಣೇ ಅಂದ. ಬೈದೆ. ಬೈದು ವೈರನ್ನು ಮತ್ತೆ ಚುಚ್ಚಿದೆ. ಹಸಿರು ದೀಪ ಬರಲಿಲ್ಲ. ಈಗ ನಮ್ಮ ಕಡೆ ಎಲ್ಲ ಸರಿಯಿತ್ತು. ಕಿಟಕಿಯಿಂದ ನೋಡಿದರೆ ಎದುರು ಮನೆಯ ಹೊಸ್ತಿಲ ಪಕ್ಕ ಕಪ್ಪು ವೈರಿನ ಸುರುಳಿಗಳು ಸಾಲಾಗಿದ್ದವು. ಅದರಲ್ಲಿ ಒಂದು ಆ ಮನೆಯ ಡಬ್ಬಿಯ ಕರೆಂಟಿನ ವೈರು.

ಮೋಸ ಅಂತ ಕೂಗಿಕೊಂಡು ಬೀದಿ ದಾಟಿದೆ. ಬಹುವಚನ ಬೀದಿಯಲ್ಲೇ ಬಿದ್ದುಹೋಯಿತು. “ಬೇಕಂತ ಕಿತ್ತಿದ್ದೀಯ, ಪಣ ಗೆಲ್ಲಾಕೆ” ಅಂದೆ. ಗಿರಿಯಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ದೀಪ ಹಚ್ಚಿದ್ಮೇಲೆ ವೈರು ಸುತ್ತದೆ ಇನ್ನೇನು ಕೊರಳಿಗೆ ಹಾಕ್ಕಂತಾರಾ? ಇಡೀ ಊರೇ ಸುತ್ತುತ್ತೆ. ನಿನ್ನ ಗಂಡನೂ ಸುತ್ತಿದ್ದನ್ನ ಈಗ್ತಾನೆ ಕೇಳ್ದೆ, ನಿನ್ನ ಬಾಯಲ್ಲೇ” ಅಂದಳು. ಜಗಲಿಯ ಅಕ್ಕಪಕ್ಕದವರು ನಕ್ಕರು. ನಾಳೆ ಸುತ್ತಬೇಡ ಅಂದೆ. ನಾಳೆಯೂ ಸುತ್ತುತ್ತೇನೆ, ನಾಡಿದ್ದೂ ಸುತ್ತುತ್ತೇನೆ, ನಿನ್ನ ಮಗಳು ನನ್ನ ಮನೆಯಲ್ಲಿದ್ದಾಗ ಕಣ್ಣೆದುರಿಗೆ ಕೂತಿರುತ್ತಿದ್ದಳು ಅಂತ ಬಿಟ್ಟಿದ್ದೆ, ಈಗ ಬರೀ ಗೋಡೆಯಲ್ಲಿ ವೈರು ಬಿಟ್ಟು ನನ್ನ ಮನೆಗೆ ಅದನ್ನು ಕರೆಯಲಾ ಅಂದಳು. ಓಬಳೇಶ ಬಾಗಿಲಲ್ಲಿ ನಿಂತಿದ್ದ. “ಅವ್ವಾ, ನಾಳೆ ಒಂದಿನ” ಅಂದ. ಅವಳು ಅವನ ಕಡೆ ತಿರುಗಿ ಕೂಡ ನೋಡಲಿಲ್ಲ.

ಸೋಮವಾರ ನಾನು ಗಿರಣಿ ಬೇಗ ಮುಚ್ಚಿದೆ. ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ದೀಪದ ಹೊತ್ತಿಗೆ ಮುಂಚೆಯೇ ಗಿರಿಯಮ್ಮನ ಮನೆಗೆ ಹೋದೆ. ಹೊರಡುವಾಗ ವನಜಾಗೆ ಹೇಳಿದೆ, ನೀನು ಕೂತು ನಿನ್ನ ಕೆಲಸ ನೋಡು, ಏನೇ ಆದರೂ ನಾನು ಕೆಲಸ ಬಿಡು ಅನ್ನುವುದಿಲ್ಲ, ಆ ಮಾತು ನನ್ನ ಬಾಯಿಯದು, ನಿನ್ನ ತಲೆಗೆ ಕಟ್ಟುವುದಿಲ್ಲ. ಅವಳು ನನ್ನ ಕೂದಲಿಗೆ ಅಂಟಿದ್ದ ಹಿಟ್ಟನ್ನು ಕೊಡವಿದಳು. ಗಿರಿಯಮ್ಮನ ನಡುಮನೆಯಲ್ಲಿ ಡಬ್ಬಿಯ ಪ್ಲಗ್ಗು ಇದ್ದ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಕೈ ಹಿಂದಕ್ಕೆ ಚಾಚಿ ಪ್ಲಗ್ಗಿನ ಮೇಲೆ ಅಂಗೈ ಇಟ್ಟೆ.

ದೀಪ ಹಚ್ಚಿ ಬಂದ ಗಿರಿಯಮ್ಮ, ಏಳು ಅಂದಳು. ಏಳುವುದಿಲ್ಲ ಅಂದೆ. ಎಳೆದು ಹಾಕುತ್ತೇನೆ ಅಂದಳು. ಎಳಿ ಅಂದೆ. ಮೈಯಲ್ಲಿ ನಾವಿಬ್ಬರೂ ಸರಿಸಮ, ಅವಳು ಎಳೆಯಲಿಲ್ಲ. ಬೀದಿಯಲ್ಲಿ ಜನ ಸೇರಿದರು. “ಅದು ಬಂದ್ರೂ ನಿನ್ನ ತಂಟೆಗೆ ಬರಲ್ಲ ಗಿರಿಯಮ್ಮ, ವೈರು ನನ್ನ ಕೈಲೈತೆ. ನನ್ನನ್ನೇ ಸುತ್ತಿ ಹೊಸ್ತಿಲ ಮುಂದೆ ಇಡ್ಲಿ. ಬೆಳಿಗ್ಗೆ ನೀನೇ ತುದಿ ಹುಡುಕು” ಅಂದೆ. ಅವಳು ಎದುರು ಗೋಡೆಗೆ ಒರಗಿ ಕೂತಳು. ಡಬ್ಬಿಯ ದೀಪಗಳು ಮಿಣಮಿಣ ಅನ್ನುತ್ತಿದ್ದವು. ಅಲ್ಲಿಂದ ಬಾಗಿಲಾಚೆ ನಮ್ಮ ಮನೆಯ ಕಿಟಕಿ ಕಾಣುತ್ತಿತ್ತು. ಒಳಗೆ ವನಜಾ ಕಂಪ್ಯೂಟರಿನ ಮುಂದೆ ಕೂತಿದ್ದಳು, ಅವಳ ಒಂದು ಕಾಲು ಆಡುತ್ತಿತ್ತು. ಯಾಕೆ ಆಡುತ್ತಿದೆ ಅಂತ ನನಗಿಂತ ಮೊದಲು ಗಿರಿಯಮ್ಮನಿಗೆ ಕಂಡಿತು. ವನಜಾ ತೊಟ್ಟಿಲು ಇಳಿಸಿರಲಿಲ್ಲ. ದೀಪ ಹಚ್ಚಿ ಅಷ್ಟು ಹೊತ್ತಾಗಿತ್ತು, ತೊಲೆಯಿಂದ ತೊಟ್ಟಿಲು ತೂಗುತ್ತಿತ್ತು, ಕೂಸು ಅದರೊಳಗಿತ್ತು, ಅವಳು ಕಾಲಿನಿಂದ ತೂಗುತ್ತ ಟೈಪು ಮಾಡುತ್ತಿದ್ದಳು. ನಾನು ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಆಣೆ ಮಾಡುತ್ತೇನೆ.

“ಕೂಸು” ಅಂದಳು ಗಿರಿಯಮ್ಮ. ಎದ್ದು ಬಾಗಿಲ ತನಕ ಹೋದಳು. ಬಾಣಂತಿಯ ಮನೆಗೆ ಬೀಗಿತ್ತಿ ಕರೆಯದೆ ಹೋಗುವಂತಿಲ್ಲ, ನಾನು ಕರೆದಿರಲಿಲ್ಲ, ಹಾಗಾಗಿ ಹೊಸ್ತಿಲಲ್ಲೇ ನಿಂತಳು. ತೊಟ್ಟಿಲು ಇಳಿಸೋಕೆ ಹೇಳು ತಿಪ್ಪಮ್ಮ, ವೈರು ಹೇಗಾದರೂ ಹಾಳಾಗಲಿ, ತೊಟ್ಟಿಲು ಇಳಿಸೋಕೆ ಹೇಳು ಅಂತ ಬೇಡಿಕೊಂಡಳು. ಅವಳು ಬೇಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೂ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೈ ತೆಗೆಯಲಿಲ್ಲ. ಗಿರಿಯಮ್ಮ ಮುಂಗೈ ಮೇಲಿನ ಸೀರೆ ಸರಿಸಿ ತೋರಿಸಿದಳು. ಹಳೆಯ ಸುಟ್ಟ ಗಾಯ, ಮಚ್ಚೆಯ ಹಾಗೆ ಕಪ್ಪಾಗಿತ್ತು. ಓಬಳೇಶ ಹಸುಗೂಸಾಗಿದ್ದಾಗ ಒಂದು ಸಂಜೆ ಸುಸ್ತಾಗಿ ಹಾಗೇ ಕಣ್ಣು ಮುಚ್ಚಿದ್ದಳಂತೆ. ತೊಟ್ಟಿಲು ಇಳಿಸಿರಲಿಲ್ಲ. ಅದಕ್ಕೆ ಸಿಕ್ಕಿದ್ದು ಆ ಬರೆ.

“ಅವತ್ತು ಅದು ಬಂದಿತ್ತಾ?” ಅಂದೆ.

“ಯಾವುದು?”

“ಅದೇ. ಒಳಗೆ ಬಂದು ತೊಟ್ಟಿಲು ಸುತ್ತಿತ್ತಾ?”

ಗಿರಿಯಮ್ಮ ಬೀದಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. “ಇಲ್ಲ. ನಮ್ಮತ್ತೆ ಬಂದ್ಲು” ಅಂದಳು.

ಹಾಗಂದವಳು ಆ ಮಾತನ್ನು ತಾನೇ ಈಗ ಕೇಳಿಸಿಕೊಂಡವಳ ಹಾಗೆ ಬರೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಬಂದು ನನ್ನ ಪಕ್ಕ ಕೂತಳು. ಕೂತು, ನಿನ್ನ ಕೈ ಮರಗಟ್ಟಿರುತ್ತದೆ ತೆಗಿ ಅಂತ ನನ್ನ ಕೈ ಸರಿಸಿ, ಪ್ಲಗ್ಗಿನ ಮೇಲೆ ತನ್ನ ಅಂಗೈ ಇಟ್ಟಳು. ನನಗೆ ಕಿತ್ತುಬಿಡುತ್ತಾಳೇನೋ ಅಂತ ಅನುಮಾನ. ಕೀಳಲಿಲ್ಲ. ನಾವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಹಿಡಿದುಕೊಂಡು ಕೂತೆವು. ಓಬಳೇಶ ಇಬ್ಬರಿಗೂ ಕಾಫಿ ತಂದ. ಪ್ಲಗ್ಗು ಹಿಡಿಯುವುದೇ ಬೇಡ ಅತ್ತೆ, ಅದು ತಾನಾಗಿ ನಿಲ್ಲುತ್ತದೆ ಅಂದ. ಹೋಗಪ್ಪ ಅಂತ ಇಬ್ಬರೂ ಒಟ್ಟಿಗೆ ಗದರಿದೆವು.

ಏನೂ ಬರಲಿಲ್ಲ. ಬೀದಿಯ ಜನ ಬೇಜಾರಾಗಿ ಊಟಕ್ಕೆ ಹೋದರು. ಎದುರು ಕಿಟಕಿಯಲ್ಲಿ ವನಜಾ ಕಿವಿಯ ಹೆಡ್‌ಫೋನು ತೆಗೆದಿಟ್ಟು, ಎದ್ದು ಮೈ ಮುರಿದು, ನಮ್ಮ ಕಡೆ ನೋಡಿ ಕೈ ಎತ್ತಿದಳು. ಕೆಲಸ ಮುಗಿದಿತ್ತು. ಅವಳು ಆಮೇಲೂ ತೊಟ್ಟಿಲು ಇಳಿಸಲಿಲ್ಲ, ಹಳದಿ ವೈರನ್ನು ಸುತ್ತಲಿಲ್ಲ. ನಾವೂ ಕಪ್ಪು ವೈರನ್ನು ಹಾಗೇ ಬಿಟ್ಟೆವು.

ಬೆಳಿಗ್ಗೆ ಎರಡೂ ಸಾಲಿನವರು ಹೊಸ್ತಿಲು ನೋಡಲು ಬಂದರು. ನಮ್ಮ ಹೊಸ್ತಿಲಲ್ಲಿ ನಾನು ಎಳೆದ ರಂಗೋಲಿ ಬಿಟ್ಟು ಏನೂ ಇರಲಿಲ್ಲ. ಎದುರು ಹೊಸ್ತಿಲೂ ಖಾಲಿ. ಅಲ್ಲಿ ಬಗ್ಗಿ ನೋಡುತ್ತಿದ್ದವನೊಬ್ಬನಿಗೆ ಗಿರಿಯಮ್ಮ, “ಏನು ಹುಡುಕ್ತೀಯ? ನಿನ್ನ ಮನೇಲಿ ವೈರಿಲ್ವಾ, ಹೋಗಿ ಅದನ್ನ ನೋಡ್ಕ” ಅಂದಳು. ನಾನೇ ಹೇಳಿಕೊಟ್ಟ ಮಾತು ಅನ್ನಿಸಿತು, ಅಷ್ಟು ಚೆನ್ನಾಗಿ ಬೈದಳು. ಆ ಮಧ್ಯಾಹ್ನವೇ ನಾನು ಕೂಸು ನೋಡಲು ಬನ್ನಿ ಅಂತ ಕರೆಯಲು ಹೋದೆ. ಬಹುವಚನ ಮತ್ತೆ ಬಂದಿತ್ತು, ಆದರೆ ಅಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ದೀಪ ಹಚ್ಚಿದ ಮೇಲೂ ತೊಟ್ಟಿಲು ತೂಗುವ ಸದ್ದು ಅಲ್ಲೊಂದು ಇಲ್ಲೊಂದು ಮನೆಯಿಂದ ಕೇಳತೊಡಗಿತು. ಕೆಲವರು ಇವತ್ತಿಗೂ ಸುತ್ತಿಡುತ್ತಾರೆ. ನನ್ನ ಗಂಡನೂ ರೇಡಿಯೋದ ವೈರನ್ನು ಸುತ್ತುತ್ತಾನೆ. ಸುತ್ತಲಿ, ಅದು ಅವನ ರೇಡಿಯೋ.

ಆದರೆ ಬೀದಿ ಬೀದಿಯ ಹಾಗೇ ಇತ್ತು. ಅದು ನನಗೆ ಸಮಾಧಾನವಿರಲಿಲ್ಲ. ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಅದರ ಬಟ್ಟೆ ಒಣಗಿಸಲು ಜಾಗವಿಲ್ಲದೆ ನಾನು ಗೊಣಗುತ್ತಿದ್ದೆ. ಹಿತ್ತಲಿಗೆ ಬಂಡೆಯ ನೆರಳು, ಮಾಳಿಗೆ ತುಂಬ ಪ್ಲೇಟುಗಳು, ಇನ್ನು ಬಿಸಿಲು ಬೀಳುವುದು ಬೀದಿಯ ನಡುವೆ ಮಾತ್ರ. ಎದುರು ಜಗಲಿಯಿಂದ ಗಿರಿಯಮ್ಮ ಒಂದು ಹಗ್ಗ ತಂದು ತನ್ನ ಕಂಬಕ್ಕೆ ಒಂದು ತುದಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಬೀದಿಯಾಚೆ ನನ್ನತ್ತ ಎಸೆದಳು. “ಹಿಡ್ಕ ತಿಪ್ಪಮ್ಮ, ಆ ಗಂಟು ನೀನು ಹಾಕು” ಅಂದಳು. ನಮ್ಮ ಕಿಟಕಿಯ ಸರಳಿಗೆ ನಾನು ಬಿಗಿದೆ. ಆ ಬೀದಿಗೆ ಅಡ್ಡವಾಗಿ ಎರಡು ಕಡೆಯಿಂದ ಎರಡು ಮನೆಯವರು ಗಂಟು ಹಾಕಿದ್ದು ಅದೇ ಮೊದಲು. ಒಣಗಿದ ಬಟ್ಟೆ ತೆಗೆದುಕೊಂಡು, ಹಗ್ಗವನ್ನು ಬಿಚ್ಚದೆ ಮಲಗಿದೆವು.

ಬೆಳಿಗ್ಗೆ ನನ್ನ ಹೊಸ್ತಿಲಲ್ಲಿ ಹಗ್ಗ ಇರಲಿಲ್ಲ. ಎದುರು ಹೊಸ್ತಿಲಲ್ಲೂ ಇರಲಿಲ್ಲ. ಬೀದಿಯ ನಟ್ಟನಡುವೆ ಬಿದ್ದಿತ್ತು, ಈ ತುದಿಯಿಂದ ಒಂದು ಸುರುಳಿ, ಆ ತುದಿಯಿಂದ ಒಂದು ಸುರುಳಿ, ಎರಡರ ನಡುವೆ ಒಂದು ಮಾರು ಹಗ್ಗ ಸುತ್ತದೆ ಹಾಗೇ ನೇರವಾಗಿ ಉಳಿದಿತ್ತು. ಯಾರ ಬಾಗಿಲಿಗೆ ಇಡಬೇಕು ಅಂತ ಅದಕ್ಕೆ ಗೊತ್ತಾಗಿರಲಿಲ್ಲ. ಗಿರಿಯಮ್ಮನೂ ನಾನೂ ಎರಡು ಕಡೆಯಿಂದ ಬಂದು ಅದರ ಮುಂದೆ ನಿಂತೆವು. ತುದಿ ಹುಡುಕಿ ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಬಿಚ್ಚಿ, ಅವಳು ತನ್ನ ಕಂಬಕ್ಕೆ, ನಾನು ನನ್ನ ಕಿಟಕಿಗೆ, ಮೊದಲಿಗಿಂತ ಬಿಗಿಯಾಗಿ ಮತ್ತೆ ಕಟ್ಟಿದೆವು.